ಹೊಳಿ ದಂಡಿಗೆ ಬುತ್ತಿ ಕಟ್ಕೊಂಡು ಹೋಗೂದು ಹೆಂಗ: ಹಾವೇರಿಯವ್ರಿಗೆ, ಹುಬ್ಬಳ್ಳಿಯಿಂದ ಬರೋರಿಗೆ

ನಮ್ಮನಿ ಹಾವೇರಿಯಾಗ, ತಂಗಿ ಮನಿ ಹುಬ್ಬಳ್ಳಿಯಾಗ. ದೀಪಾವಳಿ ಮುಗದು ಥಂಡಿ ಶುರು ಆತಂದ್ರ ಆಕಿ ಫೋನ್ ಬರ್ತೈತಿ, ಅಕ್ಕಾ ಈ ಸಲ ಹೊಳಿಗೆ ಯಾವಾಗ ಅಂತ. ಹುಬ್ಬಳ್ಳಿ-ಧಾರವಾಡದಾಗ ಉಣಕಲ್ ಕೆರಿ ಐತಿ, ಕೆಲಗೇರಿ ಕೆರಿ ಐತಿ, ನೃಪತುಂಗ ಬೆಟ್ಟ ಐತಿ, ಸಾಧನಕೇರಿ ಐತಿ, ಆದ್ರ ಕಾಲು ಬಿಟ್ಕೊಂಡು ಕೂಡ್ರಾಕ ಹರಿಯೋ ದೊಡ್ಡ ಹೊಳಿ ಇಲ್ಲ. ಶಾಲ್ಮಲಾ ಧಾರವಾಡದ ಸೋಮೇಶ್ವರ ಗುಡಿ ಹತ್ರನ ಹುಟ್ಟತಾಳ ಖರೆ, ಆದ್ರ ಆಕಿ ದೊಡ್ಡಾಕಿ ಆಗೂದು ಪಶ್ಚಿಮಕ್ಕ ಕಾಡಿನಾಗ ಹೋದಮ್ಯಾಲ. ಕುಡಿಯೋ ನೀರು ಸೈತ ಅವ್ರಿಗೆ ಸವದತ್ತಿ ಕಡೆ ನವಿಲುತೀರ್ಥ ಡ್ಯಾಮಿಂದ, ಮಲಪ್ರಭಾದ್ದು ಬರ್ತೈತಿ. ನಮ್ಮ ಜಿಲ್ಲಾಕ್ಕ ಹಂಗಲ್ರಿ, ತುಂಗಭದ್ರಾ, ವರದಾ, ಕುಮುದ್ವತಿ, ಧರ್ಮಾ ಅಂತ ನಾಕು ಹೊಳಿ ಅದಾವ, ಮೂಡಣ ದಿಕ್ಕಿಗೆ ಜಿಲ್ಲಾದ ಗಡಿನ ತುಂಗಭದ್ರಾ. ಹಂಗಾಗಿ ವರ್ಷಕ್ಕ ಎರಡು ಮೂರು ಸಲ ಹತ್ತು ಹನ್ನೆರಡು ಮಂದಿ ಕಟ್ಕೊಂಡು ಹೊಳಿಗೆ ಹೋಗೂ ರೂಢಿ ನಮ್ಮನಿಯಾಗ ಮೊದಲಿಂದ ಐತಿ. ಎಂಬತ್ತರ ಸನೀಪ ಬಂದ ನಮ್ಮತ್ತಿಯಿಂದ ಹಿಡಿದು ಎರಡು ವರ್ಷದ ಕೂಸಿನ ತನಕ ಎಲ್ಲಾರೂ ಇರ್ತಾರ. ಯಾರಾರ ಹೊಸದಾಗಿ ಹೊಂಟಿದ್ರ ಏನೇನು ನೋಡ್ಕೋಬೇಕು ಅಂತ ನಮಗ ಗೊತ್ತಿದ್ದದ್ದು ಇಲ್ಲೆ ಬರದೇನಿ.

ಮೊದಲನೇ ಮಾತು, ಕ್ಯಾಲೆಂಡರ್‌ನಾಗ ರಜಾ ನೋಡಿ ದಿನ ಗೊತ್ತು ಮಾಡಬ್ಯಾಡ್ರಿ, ಹೊಳಿ ನೋಡಿ ಗೊತ್ತು ಮಾಡ್ರಿ. ಜೂನ್‌ನಾಗ ಮಲೆನಾಡಿನಾಗ ಮಳಿ ಹಿಡೀತಂದ್ರ ತುಂಗಾ ಮ್ಯಾಲಿನ ಗಾಜನೂರು ಡ್ಯಾಮ್ ಲಗೂ ತುಂಬಿ ಗೇಟ್ ತೆಗಿತಾರ, ಮುಂದ ಮಳಿ ಜೋರಾತಂದ್ರ ಲಕ್ಕವಳ್ಳಿಯ ಭದ್ರಾ ಡ್ಯಾಮಿನ ನೀರೂ ಕೂಡ್ತೈತಿ. ಆ ನೀರು ಕೂಡ್ಲಿ ದಾಟಿ, ಹೊನ್ನಾಳಿ, ಹರಿಹರ ದಾಟಿ ನಮ್ಮ ಕಡೆ ಬರ್ತೈತಿ. ಇಲ್ಲೆ ನಮ್ಮೂರಾಗ ಒಂದು ಹನಿ ಮಳಿ ಇರಂಗಿಲ್ಲ, ಬಿಸಲು ಬಿದ್ದಿರ್ತೈತಿ, ಆದ್ರೂ ಹೊಳಿ ಏರಿರ್ತೈತಿ. ಇದನ್ನ ಮಂದಿ ಮರೀತಾರ. ಹಂಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ಇಳಿಯೂ ಮಾತ ಬ್ಯಾಡ, ದಂಡಿಯಿಂದ ದೂರ ನಿಂತು ಕೆಂಪು ನೀರು ನೋಡ್ಕೊಂಡು ಬರ್ರಿ ಅಷ್ಟ. ಅಕ್ಟೋಬರ್‌ನಾಗ ಒಂದೊಂದು ವರ್ಷ ಹಿಂಗಾರಿ ಜೋರಿರ್ತೈತಿ, ಕೇಳ್ಕೊಂಡು ಹೋಗಬೇಕು. ನವೆಂಬರ್ ನಡುವಿಂದ ಫೆಬ್ರುವರಿ ಮುಗಿಯೂ ತನಕ ಛಲೋ ದಿನ, ನೀರು ತಿಳಿ ಆಗಿರ್ತೈತಿ, ಬಿಸಲು ತಡಕೋಬಹುದು. ಮಾರ್ಚ್ ಏಪ್ರಿಲ್‌ದಾಗ ಹತ್ತು ಹೊಡೀತಂದ್ರ ಉಸುಕು ಕಾದು ಹುಡುಗೂರ ಕಾಲು ಸುಡ್ತೈತಿ, ವರದಾ ಅಂತೂ ಬ್ಯಾಸಗ್ಯಾಗ ಎಷ್ಟೋ ಕಡೆ ಬತ್ತಿ ಮಡು ಅಷ್ಟ ಉಳಿದಿರ್ತಾವ. ಆ ಮಡುನ ನೀರು ನಿಂತ ನೀರು, ಅದರಾಗ ಜಳಕ ಮಾಡ್ಸೂದು ನನಗ ಸೇರಂಗಿಲ್ಲ.

ಸಂಕ್ರಾಂತಿ ದಿನ ಹೋಗೂದು ನಮ್ಮ ಕಡೆ ಹಳೇ ಪದ್ಧತಿ. ಎಳ್ಳು ಅರಿಷಿಣ ಅರದು ಮೈಗೆ ಹಚ್ಕೊಂಡು ಹೊಳ್ಯಾಗ ಜಳಕ ಮಾಡಿ, ದಂಡಿ ಮ್ಯಾಲ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಬದ್ನೀಕಾಯಿ ಪಲ್ಯೆ ಬಿಚ್ಚಿ ಊಟ ಮಾಡೂದು. ಆ ದಿನದ ಸಡಗರಾನ ಬ್ಯಾರೆ, ಒಂದು ಸಲ ಆದ್ರೂ ಹುಡುಗೂರಿಗೆ ತೋರಿಸ್ರಿ. ಆದ್ರ ಎಲ್ಲಾ ದಂಡಿಯೊಳಗೂ ಮಂದಿ ಕಿಕ್ಕಿರಿದು ಗಾಡಿ ನಿಲ್ಲಸಾಕ ಜಾಗಾ ಸಿಗಂಗಿಲ್ಲ. ವಯಸ್ಸಾದವ್ರು, ಎಳೇ ಕೂಸು ಇದ್ರ ಹಬ್ಬದ ಹಿಂದಿನ ಐತಾರನೋ ಮುಂದಿನ ಐತಾರನೋ ಇಟ್ಕೊಳ್ರಿ. ಎಳ್ಳು ಅರದ್ದನ್ನ ಆವತ್ತು ಹಚ್ಚಿದ್ರೂ ಮೈಗೆ ಅಷ್ಟ ಹಿತ ಅನಸ್ತೈತಿ.

ಎಲ್ಲಿಗೆ ಹೋಗಬೇಕು? ನನಗ ಕೇಳಿದ್ರ ಮೊದಲನೇ ಸಲಕ್ಕ ಚೌಡಯ್ಯದಾನಪುರ. ರಾಣೆಬೆನ್ನೂರ ತಾಲೂಕಿಂದು, ಹಾವೇರಿಯಿಂದ ಗುತ್ತಲ ಮ್ಯಾಲೆ ಹಾಸಿ ಹೋಗಬೇಕು. ಹನ್ನೆರಡನೇ ಶತಮಾನದ ಶರಣ ಅಂಬಿಗರ ಚೌಡಯ್ಯನ ಊರು, ಹೊಳ್ಯಾಗ ಅಂಬಿಗತನ ಮಾಡ್ಕೊಂಡು ಖಡಕ್ ಮಾತಿನ ವಚನ ಹೇಳಿದವ್ರು. ತುಂಗಭದ್ರಾ ದಂಡಿಗೇ ಮುಕ್ತೇಶ್ವರ ಗುಡಿ ಐತ್ರಿ, ಕಲ್ಯಾಣ ಚಾಲುಕ್ಯರ ಶೈಲಿದು, ಮೆತ್ತನ್ನ ಬಳಪದ ಕಲ್ಲಿಂದು. ಗುಡಿ ಸಣ್ಣದು, ಆದ್ರ ಶಿಖರದ ಮ್ಯಾಲ ಕೆತ್ತಿದ್ದನ್ನ ನೋಡಿದ್ರ ಯಾರೋ ಬಂಗಾರದ ಕೆಲಸದೋರು ಕುಂತು ಮಾಡ್ಯಾರೇನೋ ಅನಸ್ತೈತಿ. ಆವಾರದಾಗ ಎತ್ತರೆತ್ತರ ಶಾಸನದ ಕಲ್ಲು ನಿಂತಾವ, ಹಳಗನ್ನಡದ ಅಕ್ಷರ ಸಾಲು ಸಾಲು. ನಮ್ಮ ಹುಡುಗೂರಿಗೆ ನಾನು ಒಂದು ಆಟ ಹಚ್ಚತೇನಿ, ಈ ಕಲ್ಲಿನಾಗ ನಿಮಗ ಗುರುತು ಹತ್ತೂ ಅಕ್ಷರ ಎಷ್ಟು ಅದಾವ ಹುಡುಕ್ರಿ ಅಂತ. ರ, ಗ, ಮ ಥರದ್ದು ಒಂದಿಷ್ಟು ಗುರುತು ಹತ್ತತಾವ, ಅಷ್ಟಕ್ಕ ಅವ್ರ ಮಾರಿ ನೋಡಬೇಕು ನೀವು. ಕೈಲೆ ಮುಟ್ಟಾಕ, ಏರಾಕ ಮಾತ್ರ ಬಿಡಬ್ಯಾಡ್ರಿ, ಮೆತ್ತನ್ನ ಕಲ್ಲು ಅದು. ಬುತ್ತೀನೂ ಗುಡಿ ಆವಾರದಾಗ ಬಿಚ್ಚೂದು ಬ್ಯಾಡ, ಇದು ಪುರಾತತ್ವ ಇಲಾಖೆ ಕಾಯೋ ಗುಡಿ, ಹೊರಗ ಗಿಡದ ನೆಳ್ಳಿಗೆ ಹೋಗ್ರಿ.

ಎರಡನೇದ್ದು ಗಳಗನಾಥ. ವರದಾ ಬಂದು ತುಂಗಭದ್ರಾಕ್ಕ ಕೂಡೂ ಜಾಗಾ ಇದು. ಗಳಗೇಶ್ವರ ಗುಡಿ ಬುಡ ನೋಡ್ರಿ, ಬ್ಯಾರೆ ಗುಡಿಗತೆ ನೆಟ್ಟಗ ಇಲ್ಲ, ಕಲ್ಲಿನ ದೊಡ್ಡ ಇಳಿಜಾರ ಅಟ್ಟಿ ಕಟ್ಟಿಧಂಗ ಸುತ್ತ ಅಗಲಾಗಿ ಇಳಿದೈತಿ. ಸಂಗಮದಾಗ ನಿಂತು ಹುಡುಗೂರಿಗೆ ಭೂಗೋಳ ಹೇಳಾಕ ಇದಕ್ಕಿಂತ ಛಲೋ ಜಾಗಾ ನಮ್ಮ ಜಿಲ್ಲಾದಾಗ ಇಲ್ಲ. ಈ ಕಡೆ ಬಂದಾಕಿ ಸಾಗರ ತಾಲೂಕಿನ ವರದಾಮೂಲದಾಗ ಹುಟ್ಟಿ ಬನವಾಸಿ ಸುತ್ತು ಹಾಕ್ಕೊಂಡು ಬಂದ್ಲು, ಆ ಕಡೆ ಬಂದಾಕಿ ತುಂಗಾ ಭದ್ರಾ ಎರಡೂ ಕೂಡ್ಲಿಯಾಗ ಕೂಡಿ ಹರಿಹರದ ಮ್ಯಾಲೆ ಬಂದ್ಲು, ಇಲ್ಲಿಂದ ಮುಂದ ಒಬ್ಬಾಕಿನ ಆಗಿ ಹೊಸಪ್ಯಾಟಿ ಡ್ಯಾಮು, ಹಂಪಿ ದಾಟಿ ಕೃಷ್ಣಾಕ್ಕ ಹೋಗತಾಳ. ಪುಸ್ತಕದಾಗ ಓದಿದ್ದು ಉಳಿಲಿಲ್ಲ, ಇಲ್ಲಿ ನಿಂತು ಕೇಳಿದ್ದು ನನ್ನ ಮಗಳಿಗೆ ಇನ್ನೂ ಬಾಯಿಪಾಠ ಐತಿ. ಆದ್ರ ಒಂದು, ಎರಡು ಹೊಳಿ ಕೂಡೂ ಜಾಗಾದಾಗ ಸೆಳವು ಒಂದಕ್ಕೊಂದು ಬಡದು ಸುಳಿ ಏಳ್ತೈತಿ. ಸಂಗಮ ನೋಡೂ ಜಾಗಾ, ಈಜೂ ಜಾಗಾ ಅಲ್ಲ.

ಸ್ವಂತ ಗಾಡಿ ಇಲ್ಲದೋರಿಗೆ ಹರಿಹರ ಸಲೀಸು. ಅದು ಖರೆನ ಹೊಳಿ ದಂಡಿಯ ಶಹರ. ಹುಬ್ಬಳ್ಳಿ, ಹಾವೇರಿ, ರಾಣೆಬೆನ್ನೂರ, ಹರಿಹರ ಎಲ್ಲಾ ಒಂದ ರೈಲ್ವೆ ಲೈನಿನ ಮ್ಯಾಲ ಅದಾವ. ಮುಂಜಾನಿ ರೈಲಿಗೆ ಇಳಿದು, 1224ರಾಗ ಹೊಯ್ಸಳರ ಕಾಲಕ್ಕ ಕಟ್ಟಿಸಿದ ಹರಿಹರೇಶ್ವರ ಗುಡಿ ನೋಡಿ, ಹೊಳಿ ಕಡೆ ಹೋಗಬಹುದು. ಅರ್ಧ ಶಿವ ಅರ್ಧ ವಿಷ್ಣು ಇರೋ ಮೂರ್ತಿ, ಯಾವ ಕಡೆ ಯಾರು ಅಂತ ಸಣ್ಣವ್ರು ತಾವ ಕಂಡು ಹಿಡೀಲಿ. ಹೊಳಿ ಆಚೆ ದಂಡಿ ಕುಮಾರಪಟ್ಟಣ, ಅದು ಮತ್ತ ನಮ್ಮ ರಾಣೆಬೆನ್ನೂರ ತಾಲೂಕು. ಚೌಡಯ್ಯದಾನಪುರ, ಗಳಗನಾಥಕ್ಕ ಬಸ್ಸಿಗೆ ಹೋಗೋರು ವಾಪಸ್ ಬರೂ ಕಡೀ ಬಸ್ ಎಷ್ಟಕ್ಕ ಅಂತ ಇಳಿಯೂ ಮುಂದನ ಕಂಡಕ್ಟರ್‌ಗೆ ಕೇಳಿಬಿಡ್ರಿ. ಹತ್ತು ಮಂದಿ ಮ್ಯಾಲ ಇದ್ರ ಒಂದು ಕ್ರೂಸರ್ ಬಾಡಿಗಿಗೆ ಮಾಡೂದು ಛಲೋ, ಡ್ರೈವರಣ್ಣಗೂ ಒಂದು ಊಟ ಹೆಚ್ಚಿಗೆ ಕಟ್ರಿ.

ಈಗ ನೀರಿನ ಮಾತು. ಇದನ್ನ ಸ್ವಲ್ಪ ಸಾವಕಾಶ ಓದ್ರಿ.

ನಾಕು ವರ್ಷದ ಹಿಂದ ನಾವು ಪ್ರತಿವರ್ಷ ಹೋಗೂ ಜಾಗಾಕ್ಕ ಹೋದ್ವಿ. ಹಿಂದಿನ ವರ್ಷ ಅಲ್ಲೆ ಮೊಣಕಾಲು ಮಟ ನೀರು, ಕೆಳಗ ಸಾಪಾಟ ಉಸುಕು, ನಾನ ನಿಂತು ಅರಿವಿ ಒಗದಿದ್ದೆ. ತಂಗಿ ಮಗ, ಒಂಬತ್ತು ವರ್ಷದಾಂವ, ಅದ ಜಾಗಾ ಅಂತ ಓಡಿ ಇಳದ. ನಾಕು ಹೆಜ್ಜಿ ಇಟ್ಟ, ಐದನೇ ಹೆಜ್ಜಿಗೆ ಕಾಣಲಿಲ್ಲ. ಕೂಗಲಿಲ್ಲ, ಕೈ ಬಡೀಲಿಲ್ಲ, ನೀರಿನ ಮ್ಯಾಲ ಬರೇ ಕೂದಲು ಕಂಡ್ವು. ನಾವು ದಂಡಿ ಮ್ಯಾಲ ಜಮಖಾನ ಹಾಸಾಕ ಹತ್ತಿದ್ವಿ, ಯಾರಿಗೂ ಗೊತ್ತ ಆಗಲಿಲ್ಲ. ಅಲ್ಲೆ ಕಲ್ಲಿನ ಮ್ಯಾಲ ಅರಿವಿ ಒಗೆಯಾಕ ಹತ್ತಿದ್ದ ಊರಿನ ಅಮ್ಮ ಒಬ್ರು ನೋಡಿ, ಕೈಯಾಗಿನ ಹಸಿ ಸೀರಿ ಒಂದು ಸೆರಗು ಹಿಡ್ಕೊಂಡು ಇನ್ನೊಂದು ಸೆರಗು ಅವನ ಕಡೆ ಬೀಸಿ ಒಗದ್ರು. ಹುಡುಗ ಹಿಡ್ಕೊಂಡ. ಎಳದು ತಂದು ದಂಡಿಗೆ ಹಾಕಿದ್ರು. ಉಸುಕು ತೆಗದ ಗುಂಡಿ ಅದು, ನಾವು ಹಿಂದಿನ ಸಲ ಬಂದು ಹೋದಮ್ಯಾಲ ಯಾರೋ ಬಗದು ತುಂಬ್ಕೊಂಡು ಹೋಗ್ಯಾರ, ಮ್ಯಾಲ ನೀರು ನಿಂತು ಮಟ್ಟಸ ಕಾಣಸ್ತೈತಿ. ಆ ಅಮ್ಮ ನಮಗ ಬೈದ ಮಾತು ನಾನು ಮರತಿಲ್ಲ, "ಹ್ವಾದ ವರ್ಷದ ಹೊಳಿ ಈ ವರ್ಷ ಇರ್ತೈತೇನ ಯವ್ವಾ, ಬಂದ ಕೂಡ್ಲೆ ನಮ್ಮನ್ನೊಂದು ಮಾತು ಕೇಳಬಾರ್ದಾ?"

ಆವತ್ತಿಂದ ನಾವು ಮಾಡೂದು ಹಿಂಗ. ಊರು ಮುಟ್ಟಿದ ಕೂಡ್ಲೆ ಗಾಡಿ ಸೀದಾ ಹೊಳಿಗೆ ಹೊಡಿಯಂಗಿಲ್ಲ, ಕಟ್ಟಿ ಮ್ಯಾಲ ಕುಂತ ಹಿರೇರಿಗೆ, ಇಲ್ಲಾ ಮೀನು ಹಿಡಿಯೋರಿಗೆ, ಇಲ್ಲಾ ಅರಿವಿ ಒಗೆಯೋ ಹೆಣಮಕ್ಕಳಿಗೆ ಮೂರು ಮಾತು ಕೇಳ್ತೇವಿ. ನೀರು ಎರಡು ದಿನದಿಂದ ಏರೇತೋ ಇಳದೇತೋ, ಗುಂಡಿ ಎಲ್ಲೆಲ್ಲಿ ಅದಾವ, ಮೊಸಳಿ ಕಂಡೈತೇನು. ಮೊಸಳಿ ಅಂದ್ರ ನಗಬ್ಯಾಡ್ರಿ, ತುಂಗಭದ್ರಾದಾಗ ವರದಾದಾಗ ಎರಡರಾಗೂ ಅದಾವ, ಮಂದಿ ದಿನಾ ಇಳಿಯೂ ಜಾಗಾ ಊರವ್ರು ತೋರಿಸ್ತಾರ, ಅಲ್ಲೇ ಇಳೀಬೇಕು. ಅವ್ರು ಬ್ಯಾಡ ಅಂದ್ರ ಬ್ಯಾಡ, ಆವತ್ತು ಗುಡಿ ನೋಡಿ ಊಟ ಮಾಡ್ಕೊಂಡು ಬರೂದು.

ಆಮ್ಯಾಲ ನಮ್ಮನಿಯವ್ರು ಒಂದು ಉದ್ದನ್ನ ಬಡಿಗಿ ತಗೊಂಡು ಮೊದಲ ತಾವು ಒಬ್ರ ಇಳೀತಾರ, ಟೊಂಕಕ್ಕ ಹಗ್ಗ ಕಟ್ಕೊಂಡು, ಹಗ್ಗದ ಇನ್ನೊಂದು ತುದಿ ದಂಡಿ ಮ್ಯಾಲ ನಮ್ಮ ಮೈದುನನ ಕೈಯಾಗ. ಮುಂದ ಬಡಿಗಿ ಊರಿ ನೋಡಿ ಹೆಜ್ಜಿ, ಮತ್ತ ಬಡಿಗಿ ಮತ್ತ ಹೆಜ್ಜಿ. ಒಂದು ಅಂಗಳದಷ್ಟು ಜಾಗಾ ಹಿಂಗ ನೋಡಿ ನಾಕು ಮೂಲಿಗೆ ನಾಕು ಬಿದರ ಕೋಲು ನಟ್ಟು ಕೆಂಪು ಬಟ್ಟಿ ಕಟ್ಟತೇವಿ. ಹುಡುಗೂರು ಅದರೊಳಗ ಅಷ್ಟ. ನೀರು ಅವ್ರ ಮೊಣಕಾಲಿಗಿಂತ ಮ್ಯಾಲ ಬಂತಂದ್ರ ಅದು ಅವ್ರ ಜಾಗಾ ಅಲ್ಲ. ಕಾಲು ಇಟ್ಟ ಕೂಡ್ಲೆ ಕಾಲಬುಡದ ಉಸುಕು ಸರ ಸರ ಜಾರಾಕ ಹತ್ತಿದ್ರ ಸೆಳವು ಜೋರೈತಿ ಅಂತ ತಿಳೀರಿ, ಹಿಂದ ಬರ್ರಿ. ಪಾಚಿ ಕಟ್ಟಿದ ಬಂಡಿ ಮ್ಯಾಲ ನಿಂತು ಫೋಟೋ ತಗೊಳ್ಳೂದು ಬ್ಯಾಡ, ಹೊಳ್ಯಾಗ ಜಾರಿ ಹೋದೋರಾಗ ಫೋಟೋಕ್ಕ ನಿಂತೋರು ಭಾಳ. ಇಷ್ಟೊತ್ತಿದ್ದಂಗ ನೀರು ಕದಡಿ ಕೆಂಪಾತು, ಕಸ ಕಡ್ಡಿ ತೇಲಿ ಬರಾಕ ಹತ್ತಿದ್ವು ಅಂದ್ರ ಮ್ಯಾಲ ಎಲ್ಲೋ ನೀರು ಬಂದೈತಿ, ಸಾಮಾನು ಬಿಟ್ಟರೂ ಬಿಡ್ರಿ, ಮಂದಿ ಮೊದಲ ಮ್ಯಾಲ ಹತ್ರಿ.

ಇನ್ನೊಂದು ನಾವು ಕಲ್ತಿದ್ದು, ಎಲ್ಲಾರೂ ನೋಡ್ತಾರ ಅಂದ್ರ ಯಾರೂ ನೋಡಂಗಿಲ್ಲ. ಅದಕ್ಕ ನಮ್ಮಲ್ಲಿ ಒಂದು ಕೆಂಪು ಟವೆಲ್ ಐತಿ. ಯಾರ ಹೆಗಲ ಮ್ಯಾಲ ಆ ಟವೆಲ್ ಇರ್ತೈತೋ ಅವ್ರು ಆ ಅರ್ಧ ತಾಸು ನೀರು ಕಾಯೋರು. ಫೋನ್ ಮುಟ್ಟಂಗಿಲ್ಲ, ಮಾತಿಗೆ ಕುಂದ್ರಂಗಿಲ್ಲ, ಹುಡುಗೂರ ತಲಿ ಎಣಿಸ್ಕೋತ ನಿಂದ್ರಬೇಕು. ಅರ್ಧ ತಾಸಾದ ಮ್ಯಾಲ ಇನ್ನೊಬ್ರ ಹೆಗಲಿಗೆ ಹಾಕಿ, ಎಷ್ಟು ಮಂದಿ ನೀರಾಗ ಅದಾರ ಅಂತ ಬಾಯಿಬಿಟ್ಟು ಹೇಳಿ ಕೊಡಬೇಕು. ನಮ್ಮ ಮಾವನೋರು ಇದ್ದಾಗ ಅವ್ರಿಗೂ ಪಾಳಿ ಇತ್ತು. ಕುಡದೋರು ಯಾರ ಆಗಿರ್ಲಿ, ಎಷ್ಟ ಬೇಕಾದವ್ರು ಆಗಿರ್ಲಿ, ನೀರಿಗೆ ಇಳಿಯಂಗಿಲ್ಲ, ಟವೆಲ್ಲೂ ಹಾಕ್ಕೊಳ್ಳಂಗಿಲ್ಲ.

ಯಾರಾರ ಮುಳಗಾಕ ಹತ್ತಿದ್ರ ಈಜು ಬರದೋರು ಜಿಗೀಬ್ಯಾಡ್ರಿ, ಒಬ್ರ ಬದಲಿ ಇಬ್ರು ಹೋಗ್ತಾರ. ಸೀರಿ, ಧೋತ್ರ, ಹಗ್ಗ, ಬಡಿಗಿ ಏನು ಸಿಗ್ತೈತಿ ಅದನ್ನ ಒಗೀರಿ. ಐದು ಲೀಟರಿನ ಖಾಲಿ ಎಣ್ಣಿ ಕ್ಯಾನ್ ಮುಚ್ಚಳ ಬಿಗಿ ಮಾಡಿ ಹಗ್ಗ ಕಟ್ಟಿ ಇಟ್ಕೊಂಡ್ರ ಅದ ತೇಲೋ ಬುಡ್ಡಿ ಆಗ್ತೈತಿ, ನಾವು ಪ್ರತಿ ಸಲ ಒಯ್ತೇವಿ. ಹೊರಗ ತಗದ ಮ್ಯಾಲ ಉಸಿರಿಲ್ಲ ಅಂದ್ರ ಹೊಟ್ಟಿ ಒತ್ತಿ ನೀರು ತಗ್ಯಾಕ ಹೋಗಿ ಹೊತ್ತು ಕಳೀಬ್ಯಾಡ್ರಿ, ತಲಿಕೆಳಗ ಮಾಡಿ ತಿರುಗಸೂದೂ ಬ್ಯಾಡ. ಬಾಯಿಗೆ ಬಾಯಿ ಇಟ್ಟು ಉಸಿರು ಕೊಟ್ಟು, ಎದಿ ನಡುವ ಜೋರಾಗಿ, ಲಗೂ ಲಗೂ ಒತ್ತಬೇಕು, ಅಷ್ಟರಾಗ ಇನ್ನೊಬ್ರು 108ಕ್ಕೋ 112ಕ್ಕೋ ಫೋನ್ ಮಾಡಬೇಕು. ಮನಿಯಾಗ ಒಬ್ರಾದ್ರೂ ಇದನ್ನ ಕಲ್ತಿರ್ರಿ. ಎದ್ದು ಕುಂತು ಮಾತಾಡಿದ್ರೂ ಸೈತ ದವಾಖಾನಿಗೆ ತೋರಿಸೂದು ಬಿಡಬ್ಯಾಡ್ರಿ, ನೀರು ಪುಪ್ಪಸದಾಗ ಹೋಗಿದ್ರ ಆಮ್ಯಾಲ ತ್ರಾಸ ಆಗ್ತೈತಿ. ತೆಪ್ಪ, ದೋಣಿ ಹತ್ತೂದಿದ್ರ ಲೈಫ್ ಜಾಕೆಟ್ ಕೇಳ್ರಿ, ಇಲ್ಲ ಅಂದ್ರ ಹತ್ತಬ್ಯಾಡ್ರಿ, ಸಣ್ಣವ್ರು ಎಷ್ಟ ಅತ್ತರೂ.

ಬುತ್ತಿಗೆ ಬರ್ತೇನಿ, ನಮ್ಮತ್ತಿ ಪ್ರಕಾರ ಇದ ಮುಖ್ಯ. ಖಡಕ್ ರೊಟ್ಟಿ ಹಿಂದಿನ ದಿನಾನ ಬಡದು ಇಟ್ಟಿದ್ರ ಕೆಡಂಗಿಲ್ಲ, ಅದಕ್ಕ ಚಿಂತಿಲ್ಲ. ಮೆತ್ತನ್ನ ರೊಟ್ಟಿ ಒಯ್ಯೂದಿದ್ರ ನಸಕಿನ್ಯಾಗ ಎದ್ದು ಬಡೀಬೇಕು, ಬಡದ ಮ್ಯಾಲ ಬಿಸಿ ಬಿಸಿ ಡಬ್ಬಿಗೆ ತುಂಬಬಾರ್ದು. ತುಂಬಿದ್ರೋ, ಹಬಿ ಆಡಿ ನೀರಾಗಿ ಮಧ್ಯಾನಕ್ಕ ಅಂಟಂಟ ಆಗ್ತಾವ. ಒಂದೊಂದಾಗಿ ಬಿದರ ಪುಟ್ಟಿ ಮ್ಯಾಲ ಆರಿಸಿ, ಪೂರ್ತಿ ಆರಿದ ಮ್ಯಾಲ ಒಂದರ ಮ್ಯಾಲ ಒಂದು ಪೇರಿಸಿ, ತೊಳದು ಚೊಲೋತ್ನಾಗಿ ಹಿಂಡಿದ ಹಳೇ ಧೋತ್ರದ ತುಂಡಿನಾಗ ಸುತ್ತಿ ನಾಕು ಮೂಲಿ ಗಂಟು ಹಾಕಬೇಕು. ಅರಿವಿ ಕೈಗೆ ತಂಪು ಹತ್ತಬೇಕು, ನೀರು ಹತ್ತಬಾರ್ದು, ಅಷ್ಟ ಹಸಿ. ಹಿಂಗ ಕಟ್ಟಿದ ರೊಟ್ಟಿ ಒಂದು ಗಂಟೆಕ್ಕ ಬಿಚ್ಚಿದ್ರ ಮಡಚಿದ್ರೂ ಮುರಿಯಂಗಿಲ್ಲ.

ಎಣಗಾಯಿಗೆ ಎಣ್ಣಿ ಸ್ವಲ್ಪ ಮುಂದ ಹಾಕ್ರಿ, ನೀರು ಕಡಿಮಿ ಇಡ್ರಿ, ಸಂಜಿತನಕ ಇರ್ತೈತಿ. ಮಡಕಿಕಾಳು ಪಲ್ಯೆ ಬಿಸಲಿಗೆ ಹಳಸ್ತೈತಿ, ಅದರ ಬದಲಿ ಜುಣಕದ ವಡಿ ಕೊಯ್ದು ಒಯ್ರಿ. ಹಸಿ ಕೊಬ್ಬರಿ ಚಟ್ನಿ ಬ್ಯಾಡ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮೂರು ಪುಡಿ ಮೂರು ಡಬ್ಬಿಯಾಗ, ಜೋಡಿ ಗಟ್ಟಿ ಮೊಸರು, ಉಳ್ಳಾಗಡ್ಡಿ, ಸೌತಿಕಾಯಿ, ಮೆಂತೆಪಲ್ಲೆ ತಪ್ಪಲ, ಹಸಿ ಮೆಣಸಿನಕಾಯಿ. ಮೊಸರನ್ನಕ್ಕ ಒಂದು ಉಪಾಯ ಐತಿ, ಅನ್ನ ಮೆತ್ತಗ ಮಾಡಿ, ಆರಿಸಿ, ಉಗುರು ಬೆಚ್ಚಗಿನ ಹಾಲು ಧಾರಾಳ ಹಾಕಿ ಕಲಸಿ, ಮ್ಯಾಲ ಒಂದ ಒಂದು ಚಮಚ ಮೊಸರು ಹಾಕಿ ಒಗ್ಗರಣಿ ಕೊಟ್ಟು ಮುಚ್ಚಿಬಿಡ್ರಿ. ಗಾಡ್ಯಾಗ ಹೋಗೂ ಮುಂದ ತಾನ ಹೆಪ್ಪು ಹತ್ತಿ ಊಟದ ಹೊತ್ತಿಗೆ ಸಿಹಿ ಮೊಸರನ್ನ ಆಗಿರ್ತೈತಿ, ಮನಿಯಾಗ ಮೊಸರು ಹಾಕಿ ಒಯ್ದಿದ್ದು ಅಷ್ಟೊತ್ತಿಗೆ ಹುಳಿ ಆಗಿರ್ತೈತಿ. ನಡುವ ಹಸಿವಿಗೆ ಚುರಮುರಿ ಒಗ್ಗರಣಿ ಹಾಕಿದ್ದು ಒಂದು ದೊಡ್ಡ ಡಬ್ಬಿ. ನೀರಾಗ ಆಡಿದ ಹುಡುಗೂರಿಗೆ ಹತ್ತೂವರೀಗೆ ಅಂದ್ರ ಹೊಟ್ಟಿ ಕರೀತೈತಿ, ಊಟದ ತನಕ ತಡೆಯಂಗಿಲ್ಲ. ಕುಡಿಯೋ ನೀರು ತಲಿಗೆ 3 ಲೀಟರ್ ಲೆಕ್ಕ ಹಿಡೀರಿ, ಹೊಳಿ ನೀರು ಎಷ್ಟ ತಿಳಿ ಕಂಡ್ರೂ ಕುಡಸಬ್ಯಾಡ್ರಿ. ನಮ್ಮ ಕಾಲಕ್ಕ ಕುಡೀತಿದ್ವಿ, ಈಗಿನ ನೀರು ಆಗಿನದ್ದಲ್ಲ.

ಸಾಮಾನಿನಾಗ ಮಂದಿ ಮರೆಯೂದು ಹೇಳ್ತೇನಿ. ಒಂದು, ಹುಡುಗೂರಿಗೆ ಹಿಂದ ಬೆಲ್ಟ್ ಇರೋ ಹಳೇ ಸ್ಯಾಂಡಲ್. ಉಸುಕಿನಾಗ ಒಡದ ಬಾಟ್ಲಿ ಚೂರು ಇರ್ತಾವ, ಬರಿಗಾಲು ಬ್ಯಾಡ, ಹವಾಯಿ ಚಪ್ಪಲಿ ಅಂತೂ ನೀರಿಗೆ ತೇಲಿ ಹೊಕ್ಕಾವ, ಅದನ್ನ ಹಿಡಿಯಾಕ ಹುಡುಗ ಮುಂದ ಹೊಕ್ಕಾನ. ಎರಡು, ವಯಸ್ಸಾದವ್ರಿಗೆ ಒಂದು ಪ್ಲಾಸ್ಟಿಕ್ ಕುರ್ಚಿ. ನಮ್ಮತ್ತಿಗೆ ಕೆಳಗ ಕುಂತ್ರ ಏಳಾಕ ಆಗಂಗಿಲ್ಲ, ದಂಡಿಯಾಗ ಬೆರಳುದ್ದ ನೀರಿದ್ದಲ್ಲೆ ಕುರ್ಚಿ ಹಾಕಿ ಕೂಡ್ರಿಸಿ ಕಾಲು ನೀರಾಗ ಬಿಟ್ಟರ ತಾಸುಗಟ್ಟಲೆ ಸುಮ್ನ ಕುಂದ್ರತಾರ, ಮೀನು ಮರಿ ಬಂದು ಬೆರಳು ಕಚ್ಚತಾವ ಅಂತ ಕರದು ಕರದು ತೋರಸ್ತಾರ. ಅವ್ರಿಗೆ ಬಂದ ಕೂಡ್ಲೆ ಗಂಗಿ ಪೂಜಿ ಆಗಬೇಕು, ಐದು ಹಳ್ಳು ಇಟ್ಟು ಅರಿಷಿಣ ಕುಂಕುಮ ಏರಿಸಿ, ಹೂ ಇಟ್ಟು, ಕಾಯಿ ಒಡದು ಎಡಿ ಹಿಡೀತಾರ. ಹೂವಿನ ಪ್ಲಾಸ್ಟಿಕ್ ಚೀಲ ಹೊಳಿಗೆ ಬಿಡಬಾರ್ದು ಅಂತ ಮೊದಲ ಹೇಳಿಕೊಟ್ಟೋರೂ ಅವ್ರ.

ಮೂರು, ಹೆಣಮಕ್ಕಳ ವಿಷಯ, ಇದನ್ನ ಯಾರೂ ಬರೆಯಂಗಿಲ್ಲ. ದಂಡಿ ಮ್ಯಾಲ ಶೌಚಾಲಯ ಇರ್ತೈತಿ ಅಂತ ನಂಬಿ ಹೋಗಬ್ಯಾಡ್ರಿ, ಹೈವೇ ಬಿಡೂ ಮುಂಚೆ ಪೆಟ್ರೋಲ್ ಬಂಕಿನಾಗ ನಿಲ್ಲಿಸಿ ಎಲ್ಲಾರನ್ನೂ ಕಳಸ್ರಿ. ನೀರು ಕುಡದ್ರ ಹೋಗಬೇಕಾಗ್ತೈತಿ ಅಂತ ಹೆಣಮಕ್ಕಳು ಇಡೀ ದಿನ ನೀರ ಕುಡಿಯಂಗಿಲ್ಲ, ಸಂಜೀಕ ತಲಿ ಸಿಡೀತೈತಿ, ಉರಿಮೂತ್ರ ಆಗ್ತೈತಿ. ಊರಾಗ ಯಾವುದಾರ ಮನಿಯವ್ವಗ ಕೇಳಿದ್ರ ನಮ್ಮ ಕಡೆ ಇಲ್ಲ ಅನ್ನೋರು ಕಡಿಮಿ, ನಾಚಬ್ಯಾಡ್ರಿ. ಎರಡು ಹಳೇ ಸೀರಿ, ನಾಕು ಬಟ್ಟಿ ಚಿಮಟಿಗಿ ಇದ್ರ ಎರಡು ಗಿಡದ ನಡುವ ಮರಿ ಕಟ್ಟಿ ಹಸಿ ಅರಿವಿ ಬದಲಿ ಮಾಡಬಹುದು. ಹಸಿ ನೈಟಿ ಮ್ಯಾಲ ಟವೆಲ್ ಸುತ್ಕೊಂಡು ಮನಿತನಕ ಬರೂದು ಯಾಕ್ರಿ.

ಹೊತ್ತು ಹಿಂಗ ಹಚ್ಚಿಕೊಳ್ರಿ. ಆರಕ್ಕ ಮನಿ ಬಿಟ್ಟರ (ಹುಬ್ಬಳ್ಳಿಯವ್ರಾದ್ರ ಐದಕ್ಕ, ಹಾವೇರಿ ತನಕನ 75 ಕಿಲೋಮೀಟರ್ ಸನೀಪ ಐತಿ) ಎಂಟರೊಳಗ ದಂಡಿ. ಹನ್ನೊಂದರ ತನಕ ನೀರು. ಹನ್ನೊಂದಕ್ಕ ಹೊರಗ, ಆಮ್ಯಾಲ ಎಷ್ಟ ಕಾಡಿದ್ರೂ ಇಳಿಸಬ್ಯಾಡ್ರಿ, ಬಿಸಲು ಏರಿರ್ತೈತಿ, ಕಾಯೋರೂ ದಣದಿರ್ತಾರ. ಉರಿ ಬಿಸಲಿನ ಹೊತ್ತು ಗುಡಿಯೊಳಗ ಕಲ್ಲು ತಂಪಿರ್ತೈತಿ, ಅದು ಗುಡಿ ನೋಡೂ ಹೊತ್ತು. ಒಂದಕ್ಕ ಊಟ. ಊಟ ಆದಮ್ಯಾಲ ಹಿರೇರು ಕೌದಿ ಹಾಸ್ಕೊಂಡು ಅಡ್ಡಾಗಲಿ, ಸಣ್ಣವ್ರಿಗೆ ನೆಳ್ಳಾಗ ಲಗೋರಿ, ಚಿಣಿಪಣಿ. ಹಕ್ಕಿ ತೋರಿಸ್ರಿ, ನೀಲಿ ಮಿಂಚುಳ್ಳಿ ಬಾಣದಂಗ ಬಿದ್ದು ಮೀನು ಕಚ್ಕೊಂಡು ಏಳೂದು ಒಂದು ಸಲ ಕಂಡ ಹುಡುಗ ಮುಂದಿನ ಒಂದು ತಾಸು ಫೋನ್ ಕೇಳಂಗಿಲ್ಲ. ನಾಕಕ್ಕ ಗಾಡಿ ತಿರುಗಸ್ರಿ.

ವಾಪಸ್ ಬರೂ ದಾರಿಯಾಗ ಹೊತ್ತಿದ್ರ ಇನ್ನೊಂದು ನೋಡಬಹುದು, ಎರಡು ಬ್ಯಾಡ. ರಾಣೆಬೆನ್ನೂರ ಕಡೆಯಿಂದ ಬರೋರಿಗೆ ಕೃಷ್ಣಮೃಗ ಅಭಯಾರಣ್ಯ ಐತಿ, 1974ರಾಗ ಮಾಡಿದ್ದು, 119 ಚದರ ಕಿಲೋಮೀಟರ್. ಸಂಜಿ ಬಿಸಲು ಇಳದ ಮ್ಯಾಲ ಹಿಂಡು ಹೊರಗ ಬರ್ತಾವ, ಸದ್ದು ಮಾಡದ ನಿಂತ್ರ ಗಂಡು ಚಿಗರಿ ಕ್ವಾಡು ತಿರುವಿಕೊಂಡು ಚಂಗ ಚಂಗ ಜಿಗಿಯೂದು ಕಾಣಸ್ತೈತಿ. ಹುಬ್ಬಳ್ಳಿಗೆ ಹೋಗೋರಿಗೆ ಹೈವೇ ಬಿಟ್ಟು ಒಂಚೂರ ಒಳಗ ಬಂಕಾಪುರ, ಹಳೇ ಕೋಟಿಯೊಳಗ 139 ಎಕರೆ ನವಿಲುಧಾಮ, ನಡುವ ನಗರೇಶ್ವರ ಗುಡಿ, ಸಾಲು ಕಂಬದ್ದು. ಶಿಗ್ಗಾವಿ ತಾಲೂಕಿನ ಗೊಟಗೋಡಿಯ ರಾಕ್ ಗಾರ್ಡನ್‌ಗೆ ಮಾತ್ರ ಬ್ಯಾರೆ ದಿನಾನ ಇಡ್ರಿ. ಒಕ್ಕಲುತನ, ಕುಸ್ತಿ, ಸಂತಿ, ಕಮ್ಮಾರಿಕಿ, ಹಳ್ಳಿ ಜೀವನನ ಪೂರ್ತಿ ಮನಷ್ಯಾರ ಎತ್ತರದ ಮೂರ್ತಿ ಮಾಡಿ ಇಟ್ಟಾರ, ಅಜ್ಜ ಅಜ್ಜಿ ಜೋಡಿ ಹೋದ್ರ ಒಂದೊಂದರ ಮುಂದ ಒಂದೊಂದು ಕತಿ ಹೇಳ್ತಾರ, ಅರ್ಧ ದಿನ ಹಿಡೀತೈತಿ. ಮಳಿಗಾಲದಾಗ ಹೊಳಿ ಬಂದ್ ಅಂದ್ನೆಲ್ಲ, ಆವಾಗ ಹುಡುಗೂರ ಕಾಟಕ್ಕ ಇವ ಜಾಗಾ ಸಾಕು.

ದಂಡಿ ಬಿಡೂ ಮುಂದ ಎರಡು ಚೀಲ ತಗೀರಿ, ಒಂದರಾಗ ನಮ್ಮ ಕಸ, ಇನ್ನೊಂದರಾಗ ನಮಗಿಂತ ಮೊದಲ ಬಂದೋರು ಬಿಟ್ಟು ಹೋದದ್ದು. ಹುಡುಗೂರಿಗೆ ಹತ್ತ ನಿಮಿಷದ ಕೆಲಸ, ಒಡದ ಗಾಜು ಮಾತ್ರ ದೊಡ್ಡವ್ರು ಆರಸ್ರಿ. ಸಾಬೂನು ಶಾಂಪೂ ಹೊಳ್ಯಾಗ ಬ್ಯಾಡ, ಗಾಡಿ ತೊಳೆಯೂದಂತೂ ಬ್ಯಾಡ ಬ್ಯಾಡ, ಕೆಳಗಿನ ಊರವ್ರು ಅದ ನೀರು ಕುಡಿಯೋರು. ನಟ್ಟ ಬಿದರ ಕೋಲು ಕಿತ್ಕೊಂಡು ಬರ್ರಿ, ಬಿಟ್ಟರ ಮುಂದ ಬಂದೋರು ಆ ಜಾಗಾ ಇನ್ನೂ ಸುರಕ್ಷಿತ ಐತಿ ಅಂತ ತಿಳಕೊಂಡು ಇಳೀತಾರ, ಅಷ್ಟರಾಗ ಉಸುಕು ಸರದಿರ್ತೈತಿ. ಗಾಡಿ ಹತ್ತೂ ಮುಂದ ತಲಿ ಎಣಿಸ್ರಿ, ಗಾಡಿ ಚಾಲೂ ಮಾಡೂ ಮುಂದ ಮತ್ತೊಮ್ಮೆ ಎಣಿಸ್ರಿ, ಡ್ರೈವರಣ್ಣನ್ನೂ ಸೇರಿಸಿ.

ಮನಿಗೆ ಬಂದಮ್ಯಾಲ ಹಸಿ ಅರಿವಿ ಸೀದಾ ವಾಷಿಂಗ್ ಮಷೀನಿಗೆ ಹಾಕಬ್ಯಾಡ್ರಿ, ಬಚ್ಚಲದಾಗ ಎರಡು ನೀರು ಜಾಲಿಸಿ ಉಸುಕು ಬಿಡಸ್ರಿ. ಚೊಣ್ಣದ ಕಿಸೆ ಹೊರಳಿಸಿ ನೋಡ್ರಿ, ನಮ್ಮಲ್ಲಿ ಪ್ರತಿ ಸಲ ಒಂದು ಬೊಗಸಿ ಹಳ್ಳು, ಎರಡು ಶಂಖದಹುಳದ ಚಿಪ್ಪು ಸಿಗ್ತಾವ. ಅವನ್ನ ಒಗೀಬ್ಯಾಡ್ರಿ, ಮುಂಜಾನಿ ಎದ್ದ ಕೂಡ್ಲೆ ಕೇಳ್ತಾರ.